ಮೆಕ್ಸಿಕೋದ ಜವಾರಿ ಗಾಂಜಾ ತಳಿಗಳು: ಎಲ್ಲಿ ಹುಡುಕುವುದು, ಹೇಗೆ ಉಳಿಸುವುದು?

ಸಸ್ಯಮಿತ್ರ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾಟಿ ಭತ್ತ, ಸಿರಿಧಾನ್ಯ, ಜವಾರಿ ಹತ್ತಿ, ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಇಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಇವತ್ತು ಯಾರೂ ಬಾಯಿಬಿಟ್ಟು ಮಾತಾಡದ ಒಂದು ಬೆಳೆಯ ವಿಷಯ ಎತ್ತುತ್ತಿದ್ದೇನೆ. ಮೆಕ್ಸಿಕೋದ ಹಳೆಯ ಗಾಂಜಾ ತಳಿಗಳು. ನಾನು ಸಸ್ಯಶಾಸ್ತ್ರ ಪಾಠ ಮಾಡುವವನು. ಸೇದುವವರ ಪರ ವಕಾಲತ್ತು ವಹಿಸಲು ಬಂದಿಲ್ಲ. ತಲೆಮಾರುಗಳ ಕಾಲ ರೈತರ ಕೈಯಲ್ಲಿ ಪಳಗಿದ ಒಂದು ಗಿಡ ಕಣ್ಣೆದುರೇ ಕಳೆದುಹೋಗುತ್ತಿದೆ. ಅದರ ಲೆಕ್ಕ ಇಡುವವರು ತೀರಾ ಕಡಿಮೆ. ನನ್ನ ಸಂಕಟ ಅಷ್ಟೇ.

ಈ ಗಿಡದ ಮೂಲ ಏಷ್ಯಾ. 110 ಗಿಡಗಳ ಜೀನೋಮ್ ನೋಡಿದ ಒಂದು ಅಧ್ಯಯನ 2021ರಲ್ಲಿ ಬಂತು. ಸುಮಾರು 12,000 ವರ್ಷಗಳ ಹಿಂದೆ ಪೂರ್ವ ಏಷ್ಯಾದಲ್ಲಿ ಇದನ್ನು ಮೊದಲು ಪಳಗಿಸಿದರು ಅಂತ ಅದು ಹೇಳುತ್ತದೆ. ಅದರ ನಿಜವಾದ ಕಾಡು ಪೂರ್ವಜರು ಈಗ ಉಳಿದಿಲ್ಲ ಅಂತಲೂ ಹೇಳುತ್ತದೆ. ಅಂದರೆ ನಮಗೆ ಉಳಿದಿರುವುದು ರೈತರ ಹೊಲದ ತಳಿಗಳು ಮತ್ತು ಹೊಲ ಬಿಟ್ಟು ಹೋಗಿ ಕಾಡುಪಾಲಾದ ಗಿಡಗಳು ಮಾತ್ರ.

ಮೆಕ್ಸಿಕೋಗೆ ಇದನ್ನು ಸ್ಪೇನಿನವರು 16ನೇ ಶತಮಾನದಲ್ಲಿ ನಾರಿಗಾಗಿ ತಂದರು. ಹಡಗಿನ ಹಗ್ಗ, ಹಾಯಿಬಟ್ಟೆ ಎಲ್ಲಕ್ಕೂ ಇದರ ನಾರೇ ಬೇಕಿತ್ತು. ತಮ್ಮ ವಸಾಹತುಗಳಲ್ಲಿ ಇದನ್ನು ಬೆಳೆಯಬೇಕು ಅಂತ 1545ರಲ್ಲಿ ರಾಜಾಜ್ಞೆಯೇ ಹೊರಟಿತ್ತು. ನಾರಿನ ಬೆಳೆಯಾಗಿ ಅಲ್ಲಿ ಅಷ್ಟೇನೂ ಕೈಹಿಡಿಯಲಿಲ್ಲ. ಆದರೆ ಬೀಜ ಊರವರ ಕೈಗೆ ಬಿತ್ತು. 1772ರಲ್ಲಿ ಹೊಸೆ ಆಂತೋನಿಯೊ ಅಲ್ಸಾತೆ ಎಂಬ ಪಾದ್ರಿ ಒಂದು ಬರಹ ಬರೆದರು. ಇವರು ವಿಜ್ಞಾನಿಯೂ ಹೌದು. ಸ್ಥಳೀಯ ಜನ ಪೂಜೆಗೂ ಔಷಧಿಗೂ ಬಳಸುತ್ತಿದ್ದ ‘ಪಿಪಿಲ್ತ್ಸಿಂತ್ಸಿಂತ್ಲಿ’ ಅನ್ನುವ ಸಾಮಾನು ಇದೇ ಗಿಡದ ಬೀಜ ಮತ್ತು ಎಲೆ ಅಂತ ಗುರುತಿಸಿದರು.

ಆಮೇಲೆ ಅದು ಗುಡ್ಡಗಾಡಿನಲ್ಲಿ ನೆಲೆಯಾಯಿತು. ಗೆರೆರೊ, ವಹಾಕಾ, ಮಿಚೊವಕಾನ್, ನಯರಿತ್, ಸಿನಲೋವಾ ರಾಜ್ಯಗಳ ಬೆಟ್ಟಗಳಲ್ಲಿ ಒಂದೊಂದು ಕಣಿವೆಗೆ ಒಂದೊಂದು ಗುಣ. ಸಪೂರ ಎಲೆ, ಎತ್ತರದ ಗಿಡ, ನಿಧಾನಕ್ಕೆ ಬಲಿಯುವ ಹೂವು. ಮಳೆ ನಿಂತ ಮೇಲೆ, ಚಳಿಗಾಲದ ಒಣ ಗಾಳಿಯಲ್ಲಿ ಕೊಯ್ಲು. ಗೆರೆರೊದ ‘ಅಕಾಪುಲ್ಕೊ ಗೋಲ್ಡ್’ ಹೆಸರು 1960ರ ದಶಕದಲ್ಲಿ ಅಮೆರಿಕದಲ್ಲಿ ಮನೆಮಾತಾಯಿತು. ಹೆಸರು ಇವತ್ತಿಗೂ ಇದೆ. ಆ ಗಿಡ ಇದೆಯಾ? ಇದ್ದರೆ ಎಲ್ಲಿದೆ, ಯಾರ ಕೈಯಲ್ಲಿದೆ? ಮಾಹಿತಿ ಇದ್ದವರು ದಯವಿಟ್ಟು ಬರೆಯಿರಿ.

ಗೋವಿನಜೋಳ, ರಾಣೆಬೆನ್ನೂರು

ಸರ್, ಒಳ್ಳೆಯ ವಿಷಯ ತೆಗೆದಿರಿ. ನಾವು ಬೀಜೋತ್ಪಾದನೆ ಮಾಡುವವರು. ಗೋವಿನಜೋಳದ ಹೈಬ್ರಿಡ್ ಬೀಜಕ್ಕೆ ಸುತ್ತ 200 ಮೀಟರ್ ಬೇರೆ ಗೋವಿನಜೋಳ ಇರಬಾರದು ಅಂತ ನಿಯಮ ಇದೆ. ಪಕ್ಕದ ಹೊಲದವರು ಒಂದು ಸಾಲು ಹಾಕಿದರೂ ನಮಗೆ ಜಗಳ. ಗಾಂಜಾ ಪರಾಗ ಎಷ್ಟು ದೂರ ಹೋಗುತ್ತದೆ? ಗಂಡು ಹೆಣ್ಣು ಒಂದೇ ಗಿಡದಲ್ಲಾ, ಬೇರೆ ಬೇರೆಯಾ? ಇದು ಗೊತ್ತಾದರೆ ತಳಿ ಉಳಿಸುವುದು ಎಷ್ಟು ಕಷ್ಟ ಅಂತ ನಾನೇ ಅಂದಾಜು ಮಾಡಿ ಹೇಳುತ್ತೇನೆ.

ಸಸ್ಯಮಿತ್ರ, ಧಾರವಾಡ

ಗಂಡು ಬೇರೆ, ಹೆಣ್ಣು ಬೇರೆ. ಪರಾಗ ಪೂರ್ತಿ ಗಾಳಿಯಲ್ಲೇ ಹೋಗುವುದು, ಜೇನಿನ ಕೆಲಸ ಇಲ್ಲ. ದೂರದ ವಿಷಯಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ದಕ್ಷಿಣ ಸ್ಪೇನಿನ ಮಾಲಗಾ ಕಡೆ ಗಾಳಿಯಲ್ಲಿರುವ ಪರಾಗ ಎಣಿಸುತ್ತಿದ್ದ ವಿಜ್ಞಾನಿಗಳಿಗೆ ಗಾಂಜಾ ಪರಾಗ ಸಿಕ್ಕಿತು. ಗಾಳಿಯ ಜಾಡು ಹಿಡಿದು ನೋಡಿದರೆ ಅದು ಬಂದದ್ದು ಮೊರೊಕ್ಕೊದಿಂದ. ನಡುವೆ ಸಮುದ್ರ ಇದೆ! ಅಷ್ಟು ದೂರ ಹೋದದ್ದೆಲ್ಲ ಬೀಜ ಕಟ್ಟುತ್ತದೆ ಅಂತಲ್ಲ. ಆದರೂ ನಾರಿನ ತಳಿಗಳ ಮೇಲ್ದರ್ಜೆ ಬೀಜ ಮಾಡುವಾಗ ಕೆನಡಾದಂಥ ದೇಶದಲ್ಲಿ ಸುಮಾರು 5 ಕಿ.ಮೀ. ಅಂತರ ಕೇಳುತ್ತಾರೆ.

ಗೋವಿನಜೋಳ, ರಾಣೆಬೆನ್ನೂರು

5 ಕಿ.ಮೀ. ಅಂದರೆ ಮುಗಿಯಿತು ಬಿಡಿ. ಕಣಿವೆಯಲ್ಲಿ ಒಬ್ಬ ಹೊರಗಿನ ಬೀಜ ತಂದು ಹಾಕಿದರೆ ಆ ಕಣಿವೆಯ ತಳಿ ಎರಡು ಮೂರು ಹಂಗಾಮಿನಲ್ಲಿ ಬೆರಕೆ. ರೈತನಿಗೆ ಗೊತ್ತೂ ಆಗುವುದಿಲ್ಲ. ಎಲೆ ಸ್ವಲ್ಪ ಅಗಲ ಆಯಿತು, ಬೇಗ ಬಂತು ಅಂತ ಖುಷಿಯಾಗಿ ಅದರ ಬೀಜವನ್ನೇ ಎತ್ತಿಡುತ್ತಾನೆ. ನಾವು ಬೆರಕೆ ಗಿಡ ಕೀಳಲು ಹಂಗಾಮಿಗೆ ಎಷ್ಟು ಸಲ ಹೊಲ ಸುತ್ತುತ್ತೇವೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಕದ್ದುಮುಚ್ಚಿ ಬೆಳೆಯುವ ಬೆಳೆಯಲ್ಲಿ ಆ ಕೆಲಸ ಮಾಡುವವರು ಯಾರು?

ಇನ್ನೊಂದು ಮಾತು. ಹತ್ತು ಗಿಡದಿಂದ ಬೀಜ ತೆಗೆದರೆ ತಳಿ ಉಳಿಯುವುದಿಲ್ಲ. ನೂರಾರು ಗಿಡ ಬೇಕು, ಗಂಡು ಗಿಡಗಳೂ ಜಾಸ್ತಿ ಇರಬೇಕು. ಇಲ್ಲದಿದ್ದರೆ ವರ್ಷ ವರ್ಷ ಗುಣ ಕಳಚುತ್ತಾ ಹೋಗುತ್ತದೆ.

ಕನ್ನಡತಿ, ಗ್ವಾದಲಹಾರ

ನಾನು ಕೆಲಸದ ಮೇಲೆ ಮೆಕ್ಸಿಕೋಗೆ ಬಂದವಳು, ಇಲ್ಲೇ ನೆಲೆಸಿದ್ದೇನೆ. ಇಲ್ಲಿ ಈ ಗಿಡ ಎಂದರೆ ಬರೀ ಮಾದಕ ವಸ್ತು ಅಂತ ಜನ ಅಂದುಕೊಂಡಿಲ್ಲ. ಸಾನ್ ಹುವಾನ್ ದೆ ದಿಯೋಸ್ ಮಾರುಕಟ್ಟೆಯಲ್ಲಿ ಗಿಡಮೂಲಿಕೆ ಅಂಗಡಿಗಳ ಸಾಲು ಇದೆ. ಕೀಲುನೋವಿಗೆ ಅಂತ ಹಸಿರು ಮುಲಾಮಿನ ಡಬ್ಬಿ ಮಾರುತ್ತಾರೆ, ಮುಚ್ಚಳದ ಮೇಲೆ ಏಳೆಸಳಿನ ಎಲೆಯ ಚಿತ್ರ. ಅಜ್ಜಿಯಂದಿರು ಮನೆಯಲ್ಲೇ ಮಾಡುವುದು ಇನ್ನೊಂದು. ಕಬ್ಬಿನ ಆಲ್ಕೋಹಾಲಿನ ಸೀಸೆಗೆ ಸೊಪ್ಪು ತುಂಬಿ, ಕತ್ತಲಲ್ಲಿ ವಾರಗಟ್ಟಲೆ ಇಟ್ಟು, ಮೊಣಕಾಲಿಗೆ ತಿಕ್ಕುತ್ತಾರೆ. ಸಂಜೆ ಪ್ರಾರ್ಥನೆಗೆ ಹೋಗುವ, ಮೊಮ್ಮಗ ಸೇದಿದರೆ ಬಯ್ಯುವ ಅಜ್ಜಿಯ ಮನೆಯಲ್ಲೂ ಆ ಸೀಸೆ ಇರುತ್ತದೆ.

ನಮ್ಮ ಬೀದಿಯಲ್ಲಿ ನಯರಿತ್‌ನ ಬೆಟ್ಟದ ಊರಿನಿಂದ ಬಂದ ಒಬ್ಬ ಹಿರಿಯ ಹೆಂಗಸು ಇದ್ದಾರೆ. ನಾನು ಅವರನ್ನು ದೋನ್ಯಾ ಅಂತಲೇ ಕರೆಯುವುದು, ಇಲ್ಲಿ ಹಿರಿಯರನ್ನು ಹಾಗೇ ಕರೆಯಬೇಕು. ಅವರ ಅಪ್ಪ ಮಿಲ್ಪಾದಲ್ಲಿ, ಅಂದರೆ ಗೋವಿನಜೋಳ, ಹುರುಳಿಕಾಯಿ, ಕುಂಬಳ ಒಟ್ಟಿಗೆ ಹಾಕುವ ಹೊಲದಲ್ಲಿ, ಇದನ್ನೂ ಒಂದಿಷ್ಟು ಹಾಕುತ್ತಿದ್ದರಂತೆ. ಜೋಳ ಎತ್ತರಕ್ಕೆ ಬಂದಾಗ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಜೋಳ ಕೊಯ್ದ ಮೇಲೂ ಇದು ಹೊಲದಲ್ಲೇ ಬಲಿಯುತ್ತಿತ್ತು. ಬೀಜ ಇಡುತ್ತಿದ್ದದ್ದು ಒಣಗಿದ ಸೋರೆ ಬುರುಡೆಯಲ್ಲಿ. ಅದರ ಬಾಯಿಗೆ ಕಾಳು ಬಿಡಿಸಿದ ಜೋಳದ ಬೆಂಡು ಗಟ್ಟಿಯಾಗಿ ತುರುಕಿ, ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕುತ್ತಿದ್ದರು. ‘ಇದು ನಮ್ಮ ಕ್ರಿಯೋಲಾ ಬೀಜ, ಅಜ್ಜನ ಕಾಲದ್ದು’ ಅಂತ ಅಪ್ಪ ಹೇಳುತ್ತಿದ್ದರಂತೆ. ಕ್ರಿಯೋಲಾ ಅಂದರೆ ನಮ್ಮ ಜವಾರಿ ಇದ್ದ ಹಾಗೆ. ಈಗ ಆ ಊರಲ್ಲಿ ಯಾರ ಹತ್ತಿರವೂ ಇಲ್ಲ ಅನ್ನುತ್ತಾರೆ ಅವರು.

ಗೋವಿನಜೋಳ, ರಾಣೆಬೆನ್ನೂರು

ಅಕ್ಕಾ, ಸೋರೆ ಬುರುಡೆ ನಮ್ಮ ಮನೆಯಲ್ಲೂ ಇತ್ತು! ಅವ್ವ ಅದರಲ್ಲಿ ಹೀರೆ, ಬದನೆ ಬೀಜ ಇಡುತ್ತಿದ್ದಳು. ಒಲೆಯ ಮೇಲೆ ತೂಗುಹಾಕಿದರೆ ಹೊಗೆಗೆ ಹುಳ ಬರುವುದಿಲ್ಲ, ಥಂಡಿಯೂ ಹಿಡಿಯುವುದಿಲ್ಲ. ಅಷ್ಟು ದೂರದ ರೈತನೂ ಅದನ್ನೇ ಮಾಡಿದ್ದಾನೆ ನೋಡಿ.

ಪಶ್ಚಿಮ ತೀರ, ಓರೆಗಾನ್

ಅಮೆರಿಕದ ಕಡೆಯ ಕಥೆ ನಾನು ಹೇಳುತ್ತೇನೆ. 60, 70ರ ದಶಕದಲ್ಲಿ ಗಡಿ ದಾಟಿ ಬರುತ್ತಿದ್ದ ಮಾಲು ಇಟ್ಟಿಗೆಯ ಹಾಗೆ ಒತ್ತಿದ್ದು, ಒಳಗೆಲ್ಲ ಬೀಜ. ಕೊಂಡವರು ಬೀಜ ಆರಿಸಿ ಹಿತ್ತಲಲ್ಲಿ ಹಾಕಿದರು. ಕೆಲವರು ಊರಿನ ಹೆಸರು ಬರೆದು ಡಬ್ಬಿಯಲ್ಲಿಟ್ಟರು. ಇವತ್ತು ‘ಅಸಲಿ ಮೆಕ್ಸಿಕನ್’ ಅಂತ ಸಿಗುವುದರಲ್ಲಿ ಬಹಳಷ್ಟರ ಮೂಲ ಇದೇ. ಇಲ್ಲಿ ಎರಡು ತೊಂದರೆ. ಒಂದು, ಊರಿನ ಹೆಸರು ಹೇಳಿದವನು ಮಾರುವವನು, ಅವನಿಗೇ ಗೊತ್ತಿತ್ತಾ? ಇನ್ನೊಂದು, ಡ್ರಾಯರಿನಲ್ಲಿ ಸುಮ್ನೆ ಇಟ್ಟ ಬೀಜ ಕೆಲವೇ ವರ್ಷಕ್ಕೆ ಸೊರಗುತ್ತದೆ. ನಲವತ್ತು ಐವತ್ತು ವರ್ಷದ ಬೀಜದಲ್ಲಿ ಮೊಳಕೆ ಒಡೆಯುವುದು ಅಲ್ಲೊಂದು ಇಲ್ಲೊಂದು. ಆ ಒಂದೆರಡರಿಂದ ಕಟ್ಟಿದ ತಳಿಯನ್ನು ಹಳೆಯ ತಳಿ ಅನ್ನಬಹುದಾ? ರಾಣೆಬೆನ್ನೂರು ಅಣ್ಣ ಹೇಳಿದ ‘ನೂರಾರು ಗಿಡ’ದ ಮಾತು ಇಲ್ಲೇ ಬರುವುದು.

‘ಗೋಲ್ಡ್’ ಬಗ್ಗೆಯೂ ಒಂದು ಮಾತು. ಆ ಚಿನ್ನದ ಬಣ್ಣ ಪೂರ್ತಿ ತಳಿಯದ್ದಲ್ಲ. ಗಿಡದಲ್ಲೇ ಚೆನ್ನಾಗಿ ಬಲಿತು, ಒಣ ಹವೆಯಲ್ಲಿ, ಬಿಸಿಲಲ್ಲಿ ಒಣಗಿದ್ದರಿಂದ ಹಸಿರು ಹೋಗಿ ಹಳದಿ ಬರುತ್ತಿತ್ತು. ಬಣ್ಣ ನೋಡಿ ತಳಿ ಗುರುತಿಸಲು ಹೋದವರು ಮೋಸ ಹೋಗುತ್ತಾರೆ.

ಈ ಮೆಕ್ಸಿಕನ್ ಬೀಜದ ಅಂಶ ಪೂರ್ತಿ ಅಳಿದಿಲ್ಲ ಅನ್ನುವುದೂ ನಿಜ. ಪ್ರಸಿದ್ಧವಾದ ‘ಸ್ಕಂಕ್ ನಂಬರ್ 1’ ಹೈಬ್ರಿಡ್‌ನಲ್ಲಿ ಅಫ್ಘನ್, ಕೊಲಂಬಿಯನ್ ಜೊತೆಗೆ ಅಕಾಪುಲ್ಕೊ ಗೋಲ್ಡ್ ಇದೆ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ‘ಹೇಜ್’ ಎಂಬ ತಳಿಯಲ್ಲಿ ಮೆಕ್ಸಿಕನ್ ಜೊತೆ ದಕ್ಷಿಣ ಭಾರತದ ಬೀಜವೂ ಸೇರಿದೆ ಅನ್ನುವ ಮಾತು ಪ್ರಚಾರದಲ್ಲಿದೆ. 80ರ ದಶಕದಲ್ಲಿ ಇವೆಲ್ಲ ಹಾಲೆಂಡಿಗೆ ಹೋದವು. ಅಲ್ಲಿಂದ ಜಗತ್ತಿಗೆಲ್ಲ ಹರಡಿದವು.

ಸಸ್ಯಮಿತ್ರ, ಧಾರವಾಡ

ಹಾಲೆಂಡಿನ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲೋಣ. ನನ್ನ ವಾದದ ಜೀವಾಳವೇ ಇದು.

ಅಕಾಪುಲ್ಕೊ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ವಿಜಯಪುರವೂ ಅಷ್ಟರಲ್ಲೇ. ವಹಾಕಾ ನಗರ 17 ಡಿಗ್ರಿ, ಕಲಬುರಗಿಗೆ ಹತ್ತಿರ. ಅಂದರೆ ಗೆರೆರೊ ರೈತ ನೋಡುವ ಹಗಲಿನ ಉದ್ದ ನಮ್ಮ ಉತ್ತರ ಕರ್ನಾಟಕದವರು ನೋಡುವಷ್ಟೇ. ಜೂನಿನಲ್ಲಿ ಸುಮಾರು 13 ಗಂಟೆ ಹಗಲು, ಡಿಸೆಂಬರಿನಲ್ಲಿ ಸುಮಾರು 11. ಆಮ್‌ಸ್ಟರ್‌ಡ್ಯಾಮಿನಲ್ಲಿ ಜೂನ್ ಹಗಲು ಹೆಚ್ಚು ಕಡಿಮೆ 17 ಗಂಟೆ.

ಈ ಗಿಡ ಹಗಲು ಗಿಡ್ಡ ಆಗುವುದನ್ನು ನೋಡಿ ಹೂವು ಬಿಡುತ್ತದೆ. ಶತಮಾನಗಳ ಕಾಲ ಆ ಬೆಟ್ಟದಲ್ಲಿದ್ದ ತಳಿ ಆ ಎರಡು ಗಂಟೆಯ ಸಣ್ಣ ವ್ಯತ್ಯಾಸಕ್ಕೆ, ಆ ಉದ್ದದ ಒಣ ಚಳಿಗಾಲಕ್ಕೆ ಹೊಂದಿಕೊಂಡಿದೆ. ಅದನ್ನು ಹಾಲೆಂಡಿನ ಬಯಲಲ್ಲಿ ಹಾಕಿದರೆ ಹೂವು ಬಲಿಯುವ ಮೊದಲೇ ಮಳೆ, ಚಳಿ ಬಂದುಬಿಡುತ್ತದೆ. ಬೀಜ ಕೊಡುವುದು ಯಾವ ಗಿಡ? ಎಲ್ಲಕ್ಕಿಂತ ಬೇಗ ಹೂವು ಬಿಟ್ಟ ಗಿಡ. ಮುಂದಿನ ವರ್ಷ ಅದರ ಮಕ್ಕಳು. ನಾಲ್ಕೈದು ತಲೆಮಾರು ಕಳೆದರೆ ಅದು ಡಚ್ ಹವೆಯ ಗಿಡ, ಹೆಸರು ಮಾತ್ರ ಮೆಕ್ಸಿಕೋದ್ದು. ದೀಪದ ಕೆಳಗೆ ಕೋಣೆಯಲ್ಲಿ ಬೆಳೆಸಿದರೂ ಕಥೆ ಇದೇ. ಜಾಗ ಸಾಲದು ಅಂತ ಗಿಡ್ಡ ಗಿಡ ಆರಿಸುತ್ತಾರೆ, ಕರೆಂಟ್ ಬಿಲ್ ಜಾಸ್ತಿ ಅಂತ ಬೇಗ ಬಲಿಯುವುದನ್ನು ಆರಿಸುತ್ತಾರೆ.

ಹಾಗಾಗಿ ನನ್ನ ನಿಲುವು ಇದು. ಮೆಕ್ಸಿಕೋದ ತಳಿ ಮೆಕ್ಸಿಕೋದ ಬೆಟ್ಟದಲ್ಲೇ, ಅದನ್ನು ಅರಿತ ರೈತರ ಕೈಯಲ್ಲೇ ಉಳಿಯಬೇಕು. ಹೊರಗೆ ಫ್ರೀಜರಿನಲ್ಲಿ ಬೀಜ ಕಾಪಿಡುವುದೂ ಬೇಕು, ಆದರೆ ಅದು ಬೆಂಬಲಕ್ಕೆ. ವಿದೇಶದ ಬೀಜ ಕಂಪನಿಯ ಪಟ್ಟಿಯಲ್ಲಿ ಹೆಸರು ಇದೆ ಅನ್ನುವುದನ್ನು ತಳಿ ಉಳಿಯಿತು ಅಂತ ನಾನು ಎಣಿಸುವುದಿಲ್ಲ.

ಮೇಷ್ಟ್ರ ಮಗಳು, ಮೈಸೂರು

ಸರ್, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಮೆಕ್ಸಿಕೋದಲ್ಲಿ ಡ್ರಗ್ಸ್ ಹೆಸರಲ್ಲಿ ಎಷ್ಟೊಂದು ಜನ ಸತ್ತಿದ್ದಾರೆ, ಕಾಣೆಯಾಗಿದ್ದಾರೆ. ನಮ್ಮ ಮಕ್ಕಳ ಹಾಸ್ಟೆಲ್ ಬಾಗಿಲಿಗೂ ಗಾಂಜಾ ಬಂದಿದೆ. ಆ ಬೆಳೆ ಅಳಿದರೆ ಅಳಿಯಲಿ ಬಿಡಿ ಅನ್ನಿಸುವುದಿಲ್ಲವಾ ನಿಮಗೆ?

ಸಸ್ಯಮಿತ್ರ, ಧಾರವಾಡ

ಮೇಡಂ, ಕೇಳಬೇಕಾದ ಪ್ರಶ್ನೆಯೇ. ನನಗೂ ಮಕ್ಕಳಿದ್ದಾರೆ, ನಿಮ್ಮ ಆತಂಕ ನನ್ನದೂ ಹೌದು.

ಆದರೆ ಒಂದು ಗಮನಿಸಿ. ಜವಾರಿ ತಳಿ ಅಳಿದರೆ ಗಾಂಜಾ ಅಳಿಯುವುದಿಲ್ಲ. ಅದರ ಜಾಗಕ್ಕೆ ಇನ್ನೂ ಗಟ್ಟಿ ಗಾಂಜಾ ಬರುತ್ತದೆ. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲನ್ನು ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ವರ್ಷಾನುಗಟ್ಟಲೆ ಪರೀಕ್ಷೆ ಮಾಡಿದ್ದಾರೆ. ಅಮಲು ತರುವ ಟಿಎಚ್‌ಸಿ ಅಂಶ 1995ರಲ್ಲಿ ಸರಾಸರಿ ಸುಮಾರು ಶೇ. 4 ಇದ್ದದ್ದು, 2014ರ ಹೊತ್ತಿಗೆ ಸುಮಾರು ಶೇ. 12. ನಮ್ಮ ಹಾಸ್ಟೆಲ್ ಬಾಗಿಲಿಗೆ ಬರುವುದರ ಜೊತೆ ಹೋರಾಡಲೇಬೇಕು. ಗೆರೆರೊ ಬೆಟ್ಟದ ಹಳೆಯ ತಳಿ ಅಳಿಯುವುದರಿಂದ ಆ ಹೋರಾಟಕ್ಕೆ ಏನೂ ಲಾಭ ಇಲ್ಲ.

ರೋಗ ತಡೆಯುವ ಗುಣ, ಬರ ತಡೆಯುವ ಗುಣ, ಔಷಧಿಗೆ ಬೇಕಾದ ಬೇರೆ ಬೇರೆ ರಾಸಾಯನಿಕಗಳು, ನಾರು ಇವೆಲ್ಲ ಈ ಹಳೆಯ ತಳಿಗಳಲ್ಲಿ ಹಂಚಿಹೋಗಿವೆ. 2020ರಲ್ಲಿ ಇಬ್ಬರು ವಿಜ್ಞಾನಿಗಳು ದಕ್ಷಿಣ ಮತ್ತು ಮಧ್ಯ ಏಷ್ಯಾದ ಹಳೆಯ ಗಾಂಜಾ ತಳಿಗಳನ್ನು ವಿಂಗಡಿಸಿ ಬರೆದರು. ಹೊರಗಿನ ಹೈಬ್ರಿಡ್ ಜೊತೆ ಬೆರೆತು ಇವು ಅಳಿವಿನ ಅಂಚಿಗೆ ಬಂದಿವೆ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಅದರಲ್ಲಿ ನಮ್ಮ ಭಾರತದ ತಳಿಗಳೂ ಸೇರಿವೆ.

ಇನ್ನು ಸಾವು ನೋವು. ಅದನ್ನು ಹೊತ್ತವರಲ್ಲಿ ಇದೇ ಬೆಟ್ಟದ ರೈತರೂ ಇದ್ದಾರೆ. 1975ರ ಕೊನೆಯಿಂದ ಅಲ್ಲಿನ ಸರ್ಕಾರದವರು ಈ ಬೆಳೆಯ ಮೇಲೆ ಹೆಲಿಕಾಪ್ಟರಿನಲ್ಲಿ ಪ್ಯಾರಾಕ್ವಾಟ್ ಸಿಂಪಡಿಸಿದರು. ನಮ್ಮ ರೈತರಿಗೆ ಅದು ಚೆನ್ನಾಗಿ ಗೊತ್ತಿರುವ ಕಳೆನಾಶಕ. ಬಿಸಿಲಿಗೆ ಎಲೆ ಸುಟ್ಟ ಹಾಗೆ ಕರಕಲಾಗುತ್ತದೆ. ಎಲೆ ಒಣಗುವ ಮೊದಲೇ ಕೊಯ್ದು ಮಾರಿದವರೂ ಇದ್ದರು. 1978ರಲ್ಲಿ ಅಮೆರಿಕದಲ್ಲಿ ಅದರದ್ದೇ ಗಲಾಟೆ, ಹೆದರಿಕೆ. 1977ರಲ್ಲಿ ‘ಆಪರೇಷನ್ ಕಾಂಡೋರ್’ ಹೆಸರಲ್ಲಿ ಸಿನಲೋವಾ, ದುರಂಗೊ, ಚಿವಾವಾ ಬೆಟ್ಟಗಳಿಗೆ ಸಾವಿರಾರು ಸೈನಿಕರು ನುಗ್ಗಿದರು. ಹಳ್ಳಿಗಳು ಖಾಲಿಯಾದವು. ಊರು ಬಿಟ್ಟು ಓಡುವವರು ಬೀಜದ ಬುರುಡೆ ಹೊತ್ತುಕೊಂಡು ಓಡುತ್ತಾರಾ?

ಕನ್ನಡತಿ, ಗ್ವಾದಲಹಾರ

ಸರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ನಮ್ಮ ದೋನ್ಯಾ ಹತ್ತಿರ ಮತ್ತೆ ಕೂತು ಮಾತಾಡಿದೆ. ಬೀಜ ಹೋದದ್ದು ಸೈನಿಕರಿಂದ ಮಾತ್ರ ಅಲ್ಲ ಅಂದರು. 70ರ ದಶಕದ ಕೊನೆಗೆ ಕೊಳ್ಳುವವರು ‘ಸಿನ್ ಸೆಮಿಯಾ’, ಅಂದರೆ ಬೀಜ ಇಲ್ಲದ್ದು ಬೇಕು ಅಂತ ಹಟ ಹಿಡಿದರಂತೆ. ಅದಕ್ಕೆ ಗಂಡು ಗಿಡ ಕಂಡ ಕೂಡಲೇ ಕಿತ್ತು ಹಾಕಬೇಕು. ಬೀಜ ಕಟ್ಟದಿದ್ದರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ? ಬೀಜಕ್ಕಾಗಿ ಬೇರೆ ಮೂಲೆಯಲ್ಲಿ ನಾಲ್ಕು ಗಿಡ ಬಿಟ್ಟವರು ಬಿಟ್ಟರು, ಉಳಿದವರು ಮಾಲು ಕೊಳ್ಳುವವನಿಂದಲೇ ಬೀಜ ತೆಗೆದುಕೊಂಡರು. 1984ರಲ್ಲಿ ಚಿವಾವಾದ ‘ಬುಫಲೊ’ ತೋಟದ ಮೇಲೆ ದಾಳಿ ಆದಾಗ ಅಲ್ಲಿ ಸಾವಿರಾರು ಕೂಲಿಗಳು ಈ ಬೀಜರಹಿತ ಮಾಲಿನ ಕೆಲಸ ಮಾಡುತ್ತಿದ್ದರು. ಮಿಲ್ಪಾ ಮೂಲೆಯ ಬೆಳೆ ಅಷ್ಟು ಹೊತ್ತಿಗೆ ಕಾರ್ಖಾನೆ ಬೆಳೆಯಾಗಿತ್ತು.

ಎರಡನೆಯದು ಬೆಲೆ. 2012ರಲ್ಲಿ ಕೊಲರಾಡೊ, ವಾಷಿಂಗ್ಟನ್ ರಾಜ್ಯಗಳು ಗಾಂಜಾಗೆ ಅನುಮತಿ ಕೊಟ್ಟವು. ಆಮೇಲೆ ಅಮೆರಿಕದವರೇ ಬೆಳೆಯಲು ಶುರುಮಾಡಿದರು. ಇಲ್ಲಿ ಬೆಟ್ಟದ ರೈತನಿಗೆ ಸಿಗುತ್ತಿದ್ದ ಬೆಲೆ ಕುಸಿಯಿತು. ಕೆಲವರು ಗಸಗಸೆಗೆ ಹೋದರು. ಫೆಂಟನಿಲ್ ಎಂಬ ಕೃತಕ ಮಾದಕ ಬಂದ ಮೇಲೆ ಗೆರೆರೊದಲ್ಲಿ ಅಫೀಮಿನ ಬೆಲೆಯೂ ನೆಲಕಚ್ಚಿತು. ಗಾಂಜಾದಲ್ಲೇ ಉಳಿದವರು ಕ್ಯಾಲಿಫೋರ್ನಿಯಾ, ಯುರೋಪಿನ ಹೈಬ್ರಿಡ್ ಬೀಜ ತಂದರು. ಊರಿನ ತಳಿ ಆರೇಳು ತಿಂಗಳು ತೆಗೆದುಕೊಳ್ಳುತ್ತದೆ. ಹೊಸದು ಬೇಗ ಬರುತ್ತದೆ, ಗಿಡ್ಡ, ಗಟ್ಟಿ ಹೂವು. ಮನೆ ನಡೆಸಬೇಕಾದ ರೈತ ಯಾವುದು ಹಾಕುತ್ತಾನೆ ಹೇಳಿ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ವಕೀಲ, ಕಲಬುರಗಿ

ಕಾನೂನಿನ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳಿಬಿಡುತ್ತೇನೆ.

ಮೆಕ್ಸಿಕೋ ಇಡೀ ದೇಶದಲ್ಲಿ ಇದನ್ನು ನಿಷೇಧಿಸಿದ್ದು 1920ರಲ್ಲಿ, ಅಮೆರಿಕದ 1937ರ ಕಾನೂನಿಗಿಂತ ಮೊದಲೇ. 2015ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕೇಸು ಹಾಕಿದ ನಾಲ್ವರಿಗೆ ಸ್ವಂತ ಬಳಕೆಗೆ ಬೆಳೆಯುವ ಹಕ್ಕಿದೆ ಅಂತ ಹೇಳಿತು. 2018ರ ಅಕ್ಟೋಬರ್ 31ಕ್ಕೆ ಇಂಥ ಐದು ತೀರ್ಪು ಪೂರ್ತಿಯಾಗಿ ಅದು ಎಲ್ಲ ಕೋರ್ಟುಗಳಿಗೂ ಕಡ್ಡಾಯವಾಯಿತು. 2021ರ ಜೂನ್ 28ರಂದು ವಯಸ್ಕರ ಸ್ವಂತ ಬಳಕೆಯ ಮೇಲಿನ ಪೂರ್ತಿ ನಿಷೇಧವೇ ಸಂವಿಧಾನಕ್ಕೆ ವಿರುದ್ಧ ಅಂತ ಸಾರಿತು. ಆದರೂ ಸುಮ್ನೆ ಬೆಳೆಯುವ ಹಾಗಿಲ್ಲ, ಆರೋಗ್ಯ ಪ್ರಾಧಿಕಾರದ ಪರವಾನಗಿ ಬೇಕು. ಮಾರುವುದು ಈಗಲೂ ಅಪರಾಧ. ವ್ಯಾಪಾರಕ್ಕೆ ನಿಯಮ ಮಾಡುವ ಮಸೂದೆ 2020ರ ನವೆಂಬರಿನಲ್ಲಿ ಸೆನೆಟ್ ದಾಟಿತು, 2021ರ ಮಾರ್ಚಿನಲ್ಲಿ ತಿದ್ದುಪಡಿಯೊಂದಿಗೆ ಕೆಳಮನೆಯನ್ನೂ ದಾಟಿತು. ಅಲ್ಲಿಗೇ ನಿಂತಿತು. ಬೀಜವನ್ನು ಎಲ್ಲಿಂದ, ಹೇಗೆ ಪಡೆಯಬೇಕು ಅನ್ನುವ ನಿಯಮ ಮಾಡಿ ಅಂತ 2021ರ ತೀರ್ಪೇ ಹೇಳಿದೆ. ತಳಿ ಉಳಿಸುವವರಿಗೆ ಗಂಟು ಇರುವುದು ಅಲ್ಲೇ. ಊರಿನ ಹಳೆಯ ಬೀಜ ಕಾನೂನಿನ ಕಣ್ಣಿಗೆ ಎಲ್ಲಿಂದ ಬಂತು ಅಂತ ತೋರಿಸಲಾಗದ ಬೀಜ. ಕಾಗದಪತ್ರ ಇರುವುದು ಆಮದು ಮಾಡುವ ಕಂಪನಿಗಳ ಬೀಜಕ್ಕೆ.

ನಮ್ಮಲ್ಲಿ 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆ. ಹೂವು, ಕಾಯಿಯ ತುದಿ ಗಾಂಜಾ ಎನಿಸುತ್ತದೆ. ತುದಿ ಜೊತೆಗಿಲ್ಲದ ಬರೀ ಬೀಜ, ಎಲೆ ಆ ವ್ಯಾಖ್ಯೆಗೆ ಬರುವುದಿಲ್ಲ. ಆದರೆ ಗಿಡ ಬೆಳೆಸುವುದು 20ನೇ ಸೆಕ್ಷನ್ ಪ್ರಕಾರ ಹತ್ತು ವರ್ಷದವರೆಗೆ ಜೈಲು. ನಾರು, ಬೀಜಕ್ಕಾಗಿ ಸರ್ಕಾರ 14ನೇ ಸೆಕ್ಷನ್‌ನಲ್ಲಿ ಅನುಮತಿ ಕೊಡಬಹುದು. ಉತ್ತರಾಖಂಡ 2018ರಲ್ಲಿ ಆ ದಾರಿ ಹಿಡಿಯಿತು. ಹೊರದೇಶದ ಬೀಜವನ್ನು ಲಕೋಟೆಯಲ್ಲಿ ತರಿಸಿದರೆ ಸಸ್ಯ ಕ್ವಾರಂಟೈನ್ ನಿಯಮದ ಉಲ್ಲಂಘನೆಯೂ ಸೇರುತ್ತದೆ. ವಿಜಯಪುರದ ಹಗಲು ಗೆರೆರೊಗೆ ಸಮ ಅಂತ ಓದಿ ಯಾರೂ ಪ್ರಯೋಗಕ್ಕೆ ಇಳಿಯಬೇಡಿ, ಕೈಮುಗಿದು ಹೇಳುತ್ತೇನೆ.

ನಿರ್ವಾಹಕರು

ವಕೀಲರ ಮಾತಿಗೆ ನಮ್ಮ ಒತ್ತು. ಈ ಎಳೆಯಲ್ಲಿ ಬೀಜ ಕೇಳುವುದು, ಕೊಡುವುದು, ಬೆಳೆಯುವ ವಿಧಾನ ಚರ್ಚಿಸುವುದು ಬೇಡ. ಅಂಥ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ.

ದೇವರ ಹೊಲ, ಯಾದಗಿರಿ

ನಮ್ಮ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದ ಆಗಿ ಬರುತ್ತದೆ ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ. ಮೆಕ್ಸಿಕೋದಲ್ಲೂ ದೇವರ ಸಂಬಂಧ ಇದೆಯಾ?

ಸಸ್ಯಮಿತ್ರ, ಧಾರವಾಡ

ಇದೆ. ಪೂರ್ವದ ಬೆಟ್ಟಗಳಲ್ಲಿ, ವೆರಾಕ್ರೂಸ್, ಹಿದಾಲ್ಗೊ, ಪ್ವೆಬ್ಲಾ ಸೇರುವ ಕಡೆ, ತೆಪೆವಾ ಮತ್ತು ಒತೊಮಿ ಜನ ಇದನ್ನು ‘ಸಾಂತಾ ರೋಸಾ’ ಅಂತ ಕರೆದು ಪೂಜೆಯಲ್ಲಿ ಬಳಸುವುದನ್ನು ಮಾನವಶಾಸ್ತ್ರಜ್ಞರು 1960ರ ದಶಕದಲ್ಲೇ ದಾಖಲಿಸಿದ್ದಾರೆ. ಹುಡುಕುವವರೆಲ್ಲ ಗೆರೆರೊ, ಸಿನಲೋವಾ ಅಂತ ಮಾರುಕಟ್ಟೆಯಲ್ಲಿ ಹೆಸರು ಮಾಡಿದ ಕಡೆಗೇ ಓಡುತ್ತಾರೆ. ದೇವರಿಗೆ ಅಂತ ಇಟ್ಟ ಬೀಜ ಮಾರಾಟಕ್ಕೆ ಹೋಗದ ಬೀಜ, ಕೊಳ್ಳುವವನ ಒತ್ತಾಯ ಅದಕ್ಕೆ ಇಲ್ಲ. ಹಳೆಯದು ಏನಾದರೂ ಬೆರಕೆಯಾಗದೆ ಉಳಿದಿದ್ದರೆ ಅಂಥ ಕಡೆ ಉಳಿದಿರುವ ಸಾಧ್ಯತೆ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಆದರೆ ಅದು ಅವರ ದೇವರ ಸಾಮಾನು. ಹೊರಗಿನವರು ಹೋಗಿ ಕೈಹಾಕುವುದು ತಪ್ಪು. ಅವರು ಕೇಳಿದರೆ ನೆರವು ಕೊಡಬಹುದು, ಅಷ್ಟೇ.

ಪಶ್ಚಿಮ ತೀರ, ಓರೆಗಾನ್

ಇದೇ ಮಾತು ನಾನೂ ಹೇಳಬೇಕು ಅಂತಿದ್ದೆ. ನಮ್ಮ ಕಡೆಯಿಂದ ‘ತಳಿ ಬೇಟೆ’ ಅಂತ ಕ್ಯಾಮೆರಾ ಹಿಡಿದು ಬೆಟ್ಟಕ್ಕೆ ಹೋಗುವವರಿದ್ದಾರೆ. ಒಂದು ಮುಷ್ಟಿ ಬೀಜ ತಂದು, ಪೊಟ್ಟಣಕ್ಕೆ ಊರಿನ ಹೆಸರು ಹಾಕಿ, ಜಾಲತಾಣದಲ್ಲಿ ಮಾರುತ್ತಾರೆ. ರೈತನಿಗೆ ಸಿಕ್ಕಿದ್ದು ಒಂದು ಫೋಟೊ. ನಗೋಯಾ ಒಪ್ಪಂದ ಅಂತ ಒಂದಿದೆ, 2014ರಿಂದ ಜಾರಿಯಲ್ಲಿದೆ, ಮೆಕ್ಸಿಕೋ ಅದಕ್ಕೆ ಸೇರಿದೆ. ಒಂದು ದೇಶದ ತಳಿ ತೆಗೆದುಕೊಂಡರೆ ಅನುಮತಿ ಬೇಕು, ಲಾಭದಲ್ಲಿ ಪಾಲು ಕೊಡಬೇಕು. ಕದ್ದುಮುಚ್ಚಿ ನಡೆಯುವ ವ್ಯವಹಾರದಲ್ಲಿ ಇದನ್ನು ಕೇಳುವವರಿಲ್ಲ.

ಜಮೈಕಾದಲ್ಲಿ ಸ್ವಲ್ಪ ಬೇರೆ ಥರ ಆಗಿದೆ. 2015ರಲ್ಲಿ ಕಾನೂನು ಸಡಿಲ ಮಾಡಿದ ಮೇಲೆ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಮೋನಾ ಕ್ಯಾಂಪಸ್ಸಿನಲ್ಲಿ ಹಳೆಯ ಜಮೈಕನ್ ತಳಿಗಳನ್ನು ಮತ್ತೆ ಬೆಳೆಸುವ ಕೆಲಸ ಬಹಿರಂಗವಾಗಿಯೇ ನಡೆದಿದೆ. ವಿಶ್ವವಿದ್ಯಾಲಯ ಜೊತೆಗಿದ್ದರೆ ದಾಖಲೆ ಉಳಿಯುತ್ತದೆ.

ಗೋವಿನಜೋಳ, ರಾಣೆಬೆನ್ನೂರು

ನನಗೆ ಒಂದು ಅರ್ಥ ಆಗುತ್ತಿಲ್ಲ. ಮೆಕ್ಸಿಕೋದವರು ಗೋವಿನಜೋಳವನ್ನು ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದಾರೆ! ತರಬೇತಿಗೆ ಹೋದಾಗ ಕೇಳಿದ್ದೆ, ತೆಸ್ಕೊಕೊ ಹತ್ತಿರದ ಸಿಮ್ಮಿಟ್ ಸಂಸ್ಥೆಯ ಬೀಜ ಬ್ಯಾಂಕಿನಲ್ಲಿ 28,000ದಷ್ಟು ಗೋವಿನಜೋಳದ ಮಾದರಿಗಳಿವೆಯಂತೆ. ಅದೇ ಹೊಲದಲ್ಲಿ, ಅದೇ ರೈತ, ಪಕ್ಕದ ಸಾಲಿನಲ್ಲಿ ಬೆಳೆದ ಇನ್ನೊಂದು ಗಿಡಕ್ಕೆ ಏನೂ ಇಲ್ಲವಾ?

ಸಸ್ಯಮಿತ್ರ, ಧಾರವಾಡ

ಸರಿಯಾದ ಜಾಗಕ್ಕೆ ಕೈಯಿಟ್ಟಿರಿ. ಮೆಕ್ಸಿಕೋದಲ್ಲಿ 59 ಬಗೆಯ ನಾಟಿ ಜೋಳ ಅಂತ ಗುರುತಿಸಿ ನಕ್ಷೆ ಮಾಡಿದ್ದಾರೆ. 2020ರ ಏಪ್ರಿಲಿನಲ್ಲಿ ನಾಟಿ ಜೋಳ ಕಾಪಾಡಲೆಂದೇ ಕಾನೂನು ತಂದರು. ಅಲ್ಲಲ್ಲಿ ಸಮುದಾಯ ಬೀಜ ಬ್ಯಾಂಕುಗಳಿವೆ. ಅಂದರೆ ಕೆಲಸ ಗೊತ್ತಿರುವ ಜನ ಅಲ್ಲೇ ಇದ್ದಾರೆ. ಗಾಂಜಾ ತಳಿಗೆ ಹೊಸ ವ್ಯವಸ್ಥೆ ಏನೂ ಕಟ್ಟಬೇಕಾಗಿಲ್ಲ, ಇದೇ ಬೀಜ ಬ್ಯಾಂಕುಗಳಲ್ಲಿ ಒಂದು ಕಪಾಟು, ಒಂದು ಪರವಾನಗಿ, ಕಣಿವೆಗೊಂದು ಗುರುತಿಸಿದ ಹೊಲ ಸಾಕು. ಅಡ್ಡ ಬಂದಿರುವುದು ಕಾನೂನು ಮಾತ್ರ.

ಆ ಕಾನೂನು ಬದಲಾಗುವವರೆಗೆ ಕಾಯುತ್ತಾ ಕೂತರೆ ಬೀಜ ಕಂಡ ಹಿರಿಯರೇ ಇರುವುದಿಲ್ಲ. ಆದ್ದರಿಂದ ಗ್ವಾದಲಹಾರದ ಮೇಡಂಗೆ ನನ್ನದೊಂದು ವಿನಂತಿ. ಬೀಜ ಬೇಡ, ಮಾತು ಸಂಗ್ರಹಿಸಿ. ಬರೆದಿಡುವುದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ. ಬೀಜ ಬ್ಯಾಂಕಿನವರು ಪ್ರತಿ ಬೀಜದ ಜೊತೆ ಒಂದು ಜಾತಕ ಇಡುತ್ತಾರಲ್ಲ, ಅದನ್ನೇ ಬೀಜ ಇಲ್ಲದೆ ಮಾಡೋಣ. ಹೊಲ ಎಷ್ಟು ಎತ್ತರದಲ್ಲಿತ್ತು, ಯಾವ ಮಳೆಗೆ ಬಿತ್ತನೆ, ಯಾವ ಹಬ್ಬದ ಹೊತ್ತಿಗೆ ಕೊಯ್ಲು. ಕೊಯ್ಲಿನ ತಿಂಗಳು ಸಿಕ್ಕರೆ ಹೂವು ಬಲಿಯುವ ಕಾಲ ನಮಗೆ ಸಿಕ್ಕ ಹಾಗೆ. ಕಾಂಡ, ಎಲೆ, ಬೀಜದ ಬಣ್ಣ, ಬೀಜದ ಮೇಲೆ ಪಟ್ಟೆ ಇತ್ತಾ ಇಲ್ಲವಾ. ಜೊತೆಗೆ ಯಾವ ಬೆಳೆ ಹಾಕುತ್ತಿದ್ದರು. ಬಳಕೆ ಏನು: ಮುಲಾಮಿಗಾ, ಪೂಜೆಗಾ, ಮಾರಾಟಕ್ಕಾ. ಊರಿನ ಹೆಸರನ್ನೂ ಹೇಳಿದವರ ಹೆಸರನ್ನೂ ಎಲ್ಲೂ ಹಾಕಬೇಡಿ. ಅವರ ಸುರಕ್ಷತೆ ಮೊದಲು. ಕಣಿವೆ, ರಾಜ್ಯ ಅಂದರೆ ಸಾಕು. ಮುಂದೆ ಯಾರಾದರೂ ‘ಇದು ನಯರಿತ್ ತಳಿ’ ಅಂತ ತಂದಾಗ ಹೋಲಿಸಿ ನೋಡಲು ಇದೊಂದೇ ಆಧಾರ ಆಗಬಹುದು.

ಕನ್ನಡತಿ, ಗ್ವಾದಲಹಾರ

ಖಂಡಿತ ಮಾಡುತ್ತೇನೆ ಸರ್. ದೋನ್ಯಾಗೆ ಹೇಳಿದೆ, ಅವರಿಗೇ ನನಗಿಂತ ಉತ್ಸಾಹ. ಕೊಯ್ಲು ಗ್ವಾದಲೂಪೆ ಮಾತೆಯ ಹಬ್ಬ ಮುಗಿದ ಮೇಲೆ ಅಂತ ಆಗಲೇ ಹೇಳಿದರು. ಆ ಹಬ್ಬ ಡಿಸೆಂಬರ್ 12ಕ್ಕೆ. ಬೀಜ ಕಪ್ಪು ಬೂದು ಬಣ್ಣ, ಸಾಸಿವೆಗಿಂತ ಸ್ವಲ್ಪ ದಪ್ಪ, ಮೇಲೆ ಹಾವಿನ ಚರ್ಮದಂಥ ಗೆರೆ ಅಂದರು. ಅವರ ಅಣ್ಣ ಇನ್ನೂ ಬೆಟ್ಟದಲ್ಲೇ ಇದ್ದಾರೆ, ಫೋನಿನಲ್ಲಿ ಮಾತಾಡಿಸುತ್ತಾರಂತೆ. ಪ್ರಶ್ನೆಗಳನ್ನು ಸ್ಪ್ಯಾನಿಷ್‌ಗೆ ಮಾಡಿಕೊಳ್ಳುತ್ತೇನೆ. ಬೇರೆ ಏನಾದರೂ ಕೇಳಬೇಕಿದ್ದರೆ ಈಗಲೇ ಹೇಳಿ.

ಸಸ್ಯಮಿತ್ರ, ಧಾರವಾಡ

ಡಿಸೆಂಬರ್ ಮಧ್ಯ! ಹಾಗಾದರೆ ನಿಜವಾಗಿಯೂ ನಿಧಾನದ ತಳಿ. ಬಿತ್ತನೆ ಯಾವಾಗ ಅಂತ ತಪ್ಪದೇ ಕೇಳಿ ಮೇಡಂ.

ಗೋವಿನಜೋಳ, ರಾಣೆಬೆನ್ನೂರು

ಅಕ್ಕಾ, ನನ್ನ ಎರಡು ಪ್ರಶ್ನೆ ಸೇರಿಸಿ. ಬೀಜಕ್ಕೆ ಅಂತ ಗಿಡ ಆರಿಸುವಾಗ ಏನು ನೋಡಿ ಆರಿಸುತ್ತಿದ್ದರು, ಗಂಡು ಗಿಡ ಎಷ್ಟು ಬಿಡುತ್ತಿದ್ದರು? ಇನ್ನೊಂದು, ಒಂದು ವರ್ಷ ಬೆಳೆ ಕೈಕೊಟ್ಟರೆ ಬೀಜ ಯಾರ ಮನೆಯಿಂದ ತರುತ್ತಿದ್ದರು? ಆ ಮನೆಯವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ.